ದಿನಾ 9 ಬರೆದೆ, ಅಮ್ಮನ ಕ್ಯಾಲೆಂಡರ್ ಬೇರೆಯೇ ಹೇಳಿತು. ಬೈಪೋಲಾರ್ ಇರೋರು ಮೂಡ್ ಹೇಗೆ ಅಳೆಯುತ್ತೀರಿ?

ಸಂಜೆಮಲ್ಲಿಗೆ · ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನಗೆ 36. ಶಿವಮೊಗ್ಗದಲ್ಲಿ ಕೆಲಸ, ಅಮ್ಮನ ಜೊತೆ ಇದ್ದೇನೆ. ಬೈಪೋಲಾರ್ ಅಂದರೆ ಮೂಡ್ ಒಮ್ಮೆ ವಿಪರೀತ ಏರುವ, ಒಮ್ಮೆ ತೀರಾ ಕುಗ್ಗುವ ಕಾಯಿಲೆ. ನನ್ನದು ಜೋರಾಗಿ ಏರುವ ಮೊದಲನೇ ಬಗೆ ಅಂತ ಗೊತ್ತಾಗಿ ಏಳು ವರ್ಷ ಆಯಿತು. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಹಿಂದಿನ ಸಲ ಡಾಕ್ಟರ್ ಒಂದು ಕೆಲಸ ಕೊಟ್ಟಿದ್ದರು. ರಾತ್ರಿ ಮಲಗೋ ಮುಂಚೆ ಇವತ್ತಿನ ಮೂಡ್‌ಗೆ ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕು, ಮುಂದಿನ ಸಲ ತಗೊಂಡು ಬಾ ಅಂತ. ನಾನು ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ವಾರ 6, 6, 5, 6. ಆಮೇಲೆ ಚಿಕ್ಕಪ್ಪನ ಮಗಳ ಮದುವೆ. ಚಪ್ಪರ, ಸಮಾರಾಧನೆ, ಧಾರೆ, ಬೀಗರ ಔತಣ ಅಂತ ನಾಲ್ಕು ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ಅಲ್ಲಿಂದ ಬಂದ ಮೇಲೆ 8, 8, 9, 9, 9.

ಆ 9ರ ವಾರದಲ್ಲಿ ನಾನು ತಾರಸಿ ತೋಟ ಮಾಡಲು ಹೊರಟೆ. 38 ಹೂಕುಂಡ, ಆರು ಚೀಲ ಗೊಬ್ಬರ, ಹನಿ ನೀರಾವರಿ ಪೈಪು. ನಮ್ಮ ತಾರಸಿಯಲ್ಲಿ ನಲ್ಲಿಯೇ ಇಲ್ಲ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಎರಡೂವರೆಗೆ ಶಾಖೆಯನ್ನು ಹೇಗೆ ಉದ್ಧಾರ ಮಾಡಬೇಕು ಅಂತ ಹನ್ನೊಂದು ಮೆಸೇಜ್ ಹಾಕಿದೆ.

ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ನನ್ನ ನೋಟ್‌ಬುಕ್ ಇಟ್ಟೆ. ಅವಳು ಚೀಲದಿಂದ ಅಡುಗೆಮನೆಯ ಕ್ಯಾಲೆಂಡರ್ ತೆಗೆದಳು. ಮೊಳೆ ಸಮೇತ ಕಿತ್ತು ತಂದಿದ್ದಾಳೆ! ಅದರಲ್ಲಿ ಅವಳು ಹಾಲಿನ ಲೆಕ್ಕ ಬರೆಯುತ್ತಾಳೆ. ಒಂದು ಲೀಟರ್‌ಗೆ ಒಂದು ಗೀಟು, ಅರ್ಧಕ್ಕೆ ಅರ್ಧ ಗೀಟು. ಆ ಗೀಟಿನ ಕೆಳಗೆ ಪೆನ್ಸಿಲ್‌ನಲ್ಲಿ ಚಿಕ್ಕದಾಗಿ 10.45, 11, 12.30, 1.50, 3.10. ನನ್ನ ರೂಮಿನ ಲೈಟ್ ಆರಿದ ಹೊತ್ತು ಅವು.

ಡಾಕ್ಟರ್ ನನ್ನ ಪುಸ್ತಕ ಒಂದು ನಿಮಿಷ ನೋಡಿದರು. ಕ್ಯಾಲೆಂಡರ್ ಐದು ನಿಮಿಷ ನೋಡಿದರು. ಔಷಧಿ ಬದಲಾಯಿತು, ಈಗ ಪರವಾಗಿಲ್ಲ. ಕೆಲಸವೂ ಉಳಿಯಿತು.

ನನ್ನ ಪ್ರಶ್ನೆ ಇಷ್ಟೆ. ನಾನು ಸುಳ್ಳು ಬರೆದಿರಲಿಲ್ಲ. ಆ 9 ನಿಜವಾಗಿಯೂ 9. ಹಾಗಾದರೆ ಈ ನಂಬರ್ ಬರೆದು ಏನು ಉಪಯೋಗ? ನೀವೆಲ್ಲ ಏನು ಮಾಡುತ್ತೀರಿ? ಇನ್ನೊಂದು ವಿಷಯ, ಅಮ್ಮನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟು ದಿನ ಬಾಗಿಲ ಸಂದಿಯಲ್ಲಿ ನೋಡುತ್ತಾ ಕೂತಿದ್ದಳಾ ಅಂತ.

ಕಟ್ಟೆಪುರಾಣ · ಭಾನುವಾರ, ರಾತ್ರಿ 9.48

ಮೂಡ್ ಏನು ಜ್ವರನಾ, ಕಂಕುಳಲ್ಲಿ ಕಡ್ಡಿ ಇಟ್ಟು ನೋಡೋಕೆ? ಮನುಷ್ಯ ಅಂದ ಮೇಲೆ ಏರಿಳಿತ ಇದ್ದೇ ಇರುತ್ತೆ. ಮದುವೆ ಮನೆಯಿಂದ ಬಂದವರು ಖುಷಿಯಾಗಿರದೆ ಇನ್ನೇನು? ರಕ್ತ ಪರೀಕ್ಷೆ ಏನಾದರೂ ಇದ್ದರೆ ಹೇಳಿ, ನಂಬುತ್ತೇನೆ. ಹತ್ತಕ್ಕೆ ಎಷ್ಟು ಅಂತೆ. ಕನ್ನಡ ಮೇಷ್ಟ್ರು ಪ್ರಬಂಧಕ್ಕೆ ಹಾಕಿದ ಹಾಗೆ.

ಹಳೇಸೈಕಲ್ · ಭಾನುವಾರ, ರಾತ್ರಿ 10.35

ಮಾನಸಿಕ ಆರೋಗ್ಯ ವಿಭಾಗದಲ್ಲಿ ಸೋಷಿಯಲ್ ವರ್ಕರ್ ಆಗಿದ್ದೆ, ಈಗ ನಿವೃತ್ತ. ಗೊತ್ತಿರುವಷ್ಟು ಹೇಳುತ್ತೇನೆ.

ಕಟ್ಟೆಪುರಾಣದವರೇ, ಮೂಡ್‌ಗೆ ರಕ್ತ ಪರೀಕ್ಷೆ ಇಲ್ಲ. ಲಿಥಿಯಂ ತಗೊಳ್ಳುವವರಿಗೆ ರಕ್ತ ತೆಗೆಯುತ್ತಾರಲ್ಲ, ಅದು ಮಾತ್ರೆ ಮೈಯಲ್ಲಿ ಎಷ್ಟಿದೆ ಅಂತ ತಿಳಿಯಲು. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಲಿ ಅಂತ ನೋಡುತ್ತಾರೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ಬೆಳಗ್ಗೆ ಮಾತ್ರೆ ನುಂಗಿ ಲ್ಯಾಬ್‌ಗೆ ಓಡಿ ಬಂದವರನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇವೆ. ಆ ರಿಪೋರ್ಟ್ ಸರಿ ಇದ್ದ ಮಾತ್ರಕ್ಕೆ ಮೂಡ್ ಸರಿ ಇದೆ ಅಂತಲ್ಲ.

ಸಂಜೆಮಲ್ಲಿಗೆ ಮೇಡಂ, ನಿಮ್ಮ 9 ನಿಜವೇ. ಕೇಳಿದ ಪ್ರಶ್ನೆ ಸರಿ ಇರಲಿಲ್ಲ. ಸಾರಿಗೆ ಉಪ್ಪು ಹತ್ತಕ್ಕೆ ಎಷ್ಟು ಅಂತ ಕೇಳಿ, ಹತ್ತು ಇದ್ದರೆ ಒಳ್ಳೆ ಸಾರು ಅಂದ ಹಾಗಾಯಿತು. ಬೈಪೋಲಾರ್ ಎರಡೂ ಕಡೆ ಕೆಡುತ್ತೆ. ಹಾಗಾಗಿ ಸೊನ್ನೆ ನಡುವೆ ಇರಬೇಕು, ಮೇಲೆ ಐದು, ಕೆಳಗೆ ಐದು. ಆಗ 9 ಬರೆಯುವ ಜಾಗದಲ್ಲಿ ಮೇಲಕ್ಕೆ 4 ಅಂತ ಬರೆಯುತ್ತಿದ್ದಿರಿ. ನೋಡಿದವರಿಗೆ ಒಂದು ಕ್ಷಣ ಅನುಮಾನವಾದರೂ ಬರುತ್ತಿತ್ತು.

ಡಾಕ್ಟರುಗಳು ಬಳಸುವ ಅಳತೆಗಳಲ್ಲಿ ಏರುವ ಕಡೆಗೆ ಒಂದು, ಇಳಿಯುವ ಕಡೆಗೆ ಇನ್ನೊಂದು. ಏರುವ ಕಡೆಗೆ ಜಾಸ್ತಿ ಬಳಕೆಯಲ್ಲಿರುವುದು ಯಂಗ್ ಮೇನಿಯಾ ಸ್ಕೇಲ್. 1978ರದ್ದು. 11 ಅಂಶ, ಒಟ್ಟು 60 ಮಾರ್ಕ್ಸ್. ಹಿಂದಿನ 48 ಗಂಟೆ ಹೇಗಿತ್ತು ಅಂತ ಕೇಳಿ, ಜೊತೆಗೆ ಎದುರಿಗೆ ಕೂತವರನ್ನು ನೋಡಿ ಹಾಕುವುದು. ಅದರಲ್ಲಿ ಏಳಕ್ಕೆ ತಲಾ 4, ಉಳಿದ ನಾಲ್ಕಕ್ಕೆ ತಲಾ 8. ಆ ನಾಲ್ಕು ಯಾವುವು ನೋಡಿ: ಸಿಡುಕು, ಮಾತಿನ ವೇಗ, ತಲೆಯಲ್ಲಿ ಓಡುವ ದೊಡ್ಡ ದೊಡ್ಡ ಯೋಚನೆ, ಗಲಾಟೆ. ತುಂಬಾ ಏರಿರುವವರು ಕೂತು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಎದ್ದು ಹೋಗುತ್ತಾರೆ. ಆಗಲೂ ಈ ನಾಲ್ಕು ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ. ಅದಕ್ಕೇ ಎರಡರಷ್ಟು ತೂಕ.

ನಿಮ್ಮ ವಿಷಯಕ್ಕೆ ಬೇಕಾಗಿದ್ದು ಅದರ ಕೊನೆಯ ಅಂಶ. "ನನಗೆ ಏನೋ ಬದಲಾಗಿದೆ" ಅನ್ನೋ ಅರಿವು ಎಷ್ಟಿದೆ ಅಂತ ಅಳೆಯುತ್ತಾರೆ. ಏನೂ ಬದಲಾಗಿಲ್ಲ ಅಂತ ಗಟ್ಟಿಯಾಗಿ ಹೇಳಿದಷ್ಟೂ ಮಾರ್ಕ್ಸ್ ಜಾಸ್ತಿ. ಅಂದರೆ ಕಾಯಿಲೆ ಮೊದಲು ಕೈ ಹಾಕುವುದೇ ಅಳೆಯುವ ಕಡ್ಡಿಗೆ. ನಿಮ್ಮ ತಪ್ಪೇನಿಲ್ಲ ಇದರಲ್ಲಿ.

ಧಾರವಾಡಮಳೆ · ಭಾನುವಾರ, ರಾತ್ರಿ 11.05

ನನ್ನದು ಎರಡನೇ ಬಗೆ. ಇಳಿಯೋದೇ ಜಾಸ್ತಿ, ಏರೋದು ಅಪರೂಪ, ಅದೂ ಸಣ್ಣದು. ಹಾಗಾಗಿ ನನ್ನ ತೊಂದರೆ ಬೇರೆ.

ಓಪಿಡಿಯಲ್ಲಿ ಎಷ್ಟು ಕುಗ್ಗಿದ್ದೇವೆ ಅಂತ ಅಳೆಯೋಕೆ ಒಂಬತ್ತು ಪ್ರಶ್ನೆಯ ಹಾಳೆ ಕೊಡುತ್ತಾರೆ, ಪಿಎಚ್‌ಕ್ಯೂ-9 ಅಂತ. ಹಿಂದಿನ ಎರಡು ವಾರದ್ದು ಬರೆಯಬೇಕು. ನಾನು ನೋಡಿದ ಕನ್ನಡ ಹಾಳೆಯಲ್ಲಿ "ಕೆಲಸ ಕಾರ್ಯಗಳಲ್ಲಿ ಆಸಕ್ತಿ" ಅಂತ ಇತ್ತು. ಆಸಕ್ತಿ ಅನ್ನೋ ಮಾತನ್ನ ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ನರ್ಸ್ ಅದನ್ನು ಬಿಡಿಸಿ ಹೇಳಿದರು, "ಬ್ಯಾಸರ ಆಗತದೇನ್ರೀ?" ಅಂತ. ಅಜ್ಜಿ "ಬ್ಯಾಸರ ಯಾರಿಗಿಲ್ಲವಾ, ಸೊಸಿ ಮನ್ಯಾಗಿದ್ರ" ಅಂದರು. ಎಲ್ಲರೂ ನಕ್ಕೆವು. ಅಜ್ಜಿಗೆ ಎಷ್ಟು ಮಾರ್ಕ್ಸ್ ಬಿತ್ತೋ ಗೊತ್ತಿಲ್ಲ.

ಬೇಜಾರು ಅನ್ನೋ ಒಂದೇ ಪದದಲ್ಲಿ ನಾವು ಎಷ್ಟು ತುಂಬಿದ್ದೇವೆ ನೋಡಿ. ಹೊತ್ತು ಹೋಗದಿದ್ದರೆ ಬೇಜಾರು. ಯಾರೋ ಮಾತು ಅಂದರೆ ಬೇಜಾರು. ಸತ್ತ ಮನೆಗೆ ಹೋಗಿ ಬಂದರೆ ಬೇಜಾರು. ಮೂರು ದಿನ ಹಾಸಿಗೆ ಬಿಟ್ಟು ಏಳದಿದ್ದರೂ ಬೇಜಾರು. ಇದಕ್ಕೆ ಹತ್ತಕ್ಕೆ ಎಷ್ಟು ಅಂದರೆ ಏನು ಬರೆಯಲಿ? ಅದರ ಮೇಲೆ ನಮ್ಮ ಜನಕ್ಕೆ ಮೊದಲು ಗೊತ್ತಾಗೋದು ಮೈಯಲ್ಲಿ. ಎದೆ ಭಾರ, ಕೈಕಾಲು ಸೋಲು, ತಲೆ ಜೋಮು.

ನಾನು ಪದವನ್ನೇ ಬಿಟ್ಟೆ. ಈಗ ನಾಲ್ಕು ಕೆಲಸ ಬರೆದುಕೊಂಡಿದ್ದೇನೆ. ತಲೆ ಬಾಚಿದೆನಾ? ಒಣಗಿದ ಬಟ್ಟೆ ಮಡಚಿದೆನಾ? ಅಕ್ಕನ ಫೋನ್ ಎತ್ತಿದೆನಾ? ಚಹಾ ಕುಡಿದ ಲೋಟ ತೊಳೆದೆನಾ? ಮಾಡಿದ್ದರೆ ಸರಿ ಗುರುತು, ಇಲ್ಲದಿದ್ದರೆ ಖಾಲಿ. ನನಗೆ ಮೊದಲು ಬೀಳೋದು ಲೋಟ. ರೂಮಿನಲ್ಲಿ ಐದು ಲೋಟ ಸೇರಿದವು ಅಂದರೆ ಡಾಕ್ಟರಿಗೆ ಫೋನ್ ಮಾಡೋ ಹೊತ್ತು.

ಹಳೇಸೈಕಲ್ · ಭಾನುವಾರ, ರಾತ್ರಿ 11.20

ಧಾರವಾಡಮಳೆ, ಐದು ಲೋಟದ ಸ್ಕೇಲ್! ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಚೆನ್ನಾದದ್ದು ನೋಡಿಲ್ಲ.

ಒಂದು ಮಾತು ಸೇರಿಸುತ್ತೇನೆ. ಇಳಿಯುವ ಕಡೆಗೆ ಬಳಸುವ ಹಳೆಯ ಅಳತೆಗಳು ಬೈಪೋಲಾರ್‌ಗೆ ಅಂತ ಹುಟ್ಟಿದವಲ್ಲ. 1960ರ ಹ್ಯಾಮಿಲ್ಟನ್ ಸ್ಕೇಲ್‌ನಲ್ಲಿ ನಿದ್ದೆ ಬಾರದಿರುವುದಕ್ಕೇ ಮೂರು ಪ್ರಶ್ನೆ: ಮಲಗಿದಾಗ ಬರಲ್ಲ, ನಡುವೆ ಎಚ್ಚರ, ಬೆಳಗಿನ ಜಾವ ಎಚ್ಚರ. 1979ರ ಮಾಂಟ್‌ಗೊಮೆರಿ-ಆಸ್‌ಬರ್ಗ್ ಸ್ಕೇಲ್‌ನಲ್ಲೂ ನಿದ್ದೆ ಕಮ್ಮಿ, ಹಸಿವು ಕಮ್ಮಿ ಅಂತಲೇ ಇದೆ. ಬೈಪೋಲಾರ್‌ನವರು ಕುಗ್ಗಿದಾಗ ಎಷ್ಟೋ ಜನ ಹನ್ನೆರಡು ಗಂಟೆ ಮಲಗುತ್ತಾರೆ, ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ಅವರಿಗೆ ಅಲ್ಲಿ ಮಾರ್ಕ್ಸೇ ಬೀಳಲ್ಲ. ಪಿಎಚ್‌ಕ್ಯೂ-9 ಇದರಲ್ಲಿ ವಾಸಿ, ನಿದ್ದೆ ಜಾಸ್ತಿಯಾದರೂ ಕಮ್ಮಿಯಾದರೂ ಲೆಕ್ಕಕ್ಕೆ ಬರುತ್ತೆ. ಬೈಪೋಲಾರ್‌ನವರ ಕುಗ್ಗುವಿಕೆಗೆ ಅಂತಲೇ ಬೇರೆ ಸ್ಕೇಲ್ ಬಂದಿದ್ದು 2007ರಲ್ಲಿ.

ಗುಬ್ಬಿಗೂಡು · ಸೋಮವಾರ, ಬೆಳಗ್ಗೆ 6.50

ನಾನು ಆ ಕಡೆಯವನು. ನನ್ನ ಹೆಂಡತಿಗೆ ಬೈಪೋಲಾರ್. ಸಂಜೆಮಲ್ಲಿಗೆ ಅಕ್ಕ, ನಿಮ್ಮ ಅಮ್ಮನ ಪೆನ್ಸಿಲ್ ವಿಷಯ ಓದಿ ನಿನ್ನೆ ನನಗೇ ನಿದ್ದೆ ಬರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಆಸ್ಪತ್ರೆಯಿಂದ ಬಂದಾಗ ನಾನೂ ಅಳೆಯಲು ಶುರು ಮಾಡಿದೆ. ಪುಸ್ತಕ ಇಲ್ಲ, ಏನಿಲ್ಲ. ಕಣ್ಣಲ್ಲೇ. ಟಿವಿ ನೋಡಿ ಜೋರಾಗಿ ನಕ್ಕರೆ "ಮಾತ್ರೆ ತಗೊಂಡ್ಯಾ?" ತಂಗಿಗೆ ಸೀರೆ ಕೊಡಿಸಬೇಕು ಅಂದರೆ "ಮಾತ್ರೆ ತಗೊಂಡ್ಯಾ?" ಪಕ್ಕದ ಮನೆಯವರ ಜೊತೆ ಜಗಳ ಆಯಿತು, ತಪ್ಪು ಅವರದ್ದೇ, ಆದರೂ ನಾನು ಕೇಳಿದ್ದು ಅದನ್ನೇ. ಒಂದು ದಿನ ಅವಳು ಅಡುಗೆಮನೆಯಲ್ಲಿ ಅಕ್ಕನ ಜೊತೆ ಫೋನಿನಲ್ಲಿ ನಗುತ್ತಿದ್ದಳು. ನಾನು ಒಳಗೆ ಬಂದ ಸದ್ದು ಕೇಳಿ ನಗು ನಿಲ್ಲಿಸಿದಳು. ಸ್ವಿಚ್ ಆರಿಸಿದ ಹಾಗೆ. ಅವತ್ತು ನನಗೆ ನನ್ನ ಮೇಲೆಯೇ ಅಸಹ್ಯ ಆಯಿತು.

ಈಗ ಒಂದು ಕಟ್ಟುಪಾಡು ಇದೆ. ವಾರಕ್ಕೆ ಒಂದೇ ಸಲ, ಭಾನುವಾರ ತಿಂಡಿ ಆದ ಮೇಲೆ. ನಾನು ಮೂರು ವಿಷಯ ಮಾತ್ರ ಹೇಳಬಹುದು: ಎಷ್ಟು ಗಂಟೆ ಮಲಗಿದೆ, ಎಷ್ಟು ದುಡ್ಡು ಹೋಯಿತು, ಎಷ್ಟು ದಿನ ಸ್ನಾನ ತಪ್ಪಿತು. "ನೀನು ಜಾಸ್ತಿ ಆಡ್ತಿದ್ದೀಯ" ಅನ್ನೋ ಹಾಗಿಲ್ಲ. ಅವಳೂ ಅವಳ ಲೆಕ್ಕ ಹೇಳುತ್ತಾಳೆ. ಎರಡೂ ಹೊಂದದಿದ್ದರೆ ಎರಡನ್ನೂ ಬರೆದು ಡಾಕ್ಟರಿಗೆ ಕೊಡುತ್ತೇವೆ. ಉಳಿದ ಆರು ದಿನ ಮಾತ್ರೆ ಅನ್ನೋ ಪದ ನನ್ನ ಬಾಯಲ್ಲಿ ಬರಬಾರದು. ಎರಡು ಸಲ ತಪ್ಪಿದ್ದೇನೆ. ದಂಡ ಮಸಾಲೆದೋಸೆ.

ಸಂಜೆಮಲ್ಲಿಗೆ · ಸೋಮವಾರ, ಮಧ್ಯಾಹ್ನ 1.40

ಗುಬ್ಬಿಗೂಡು ಅಣ್ಣ, ಊಟದ ಹೊತ್ತಿನಲ್ಲಿ ಓದಿದೆ. ಡಬ್ಬಿ ಮುಚ್ಚಿ ಸುಮ್ನೆ ಕೂತೆ. ನಮ್ಮಮ್ಮ ನನಗೆ ಒಂದು ಸಲವೂ "ಮಾತ್ರೆ ತಗೊಂಡ್ಯಾ" ಅಂದಿಲ್ಲ. ಪೆನ್ಸಿಲ್‌ನಲ್ಲಿ ಬರೆದಳು ಅಷ್ಟೆ. ಯಾವುದು ವಾಸಿ ಅಂತ ಯೋಚನೆ ಮಾಡುತ್ತಿದ್ದೇನೆ.

ಇನ್ನೊಂದು ವಿಷಯ ನೆನಪಾಯಿತು. ಆ ವಾರ ನನಗೆ ನಿದ್ದೆ ಬರುತ್ತಿಲ್ಲ ಅಂತ ಅನಿಸಲೇ ಇಲ್ಲ. ನಿದ್ದೆ *ಬೇಕು* ಅಂತಲೇ ಅನಿಸಲಿಲ್ಲ. ಮೂರಕ್ಕೆ ಮಲಗಿ ಆರಕ್ಕೆ ಎದ್ದರೆ ಎಳನೀರು ಕುಡಿದ ಹಾಗೆ ಹಗುರ. ಅದಕ್ಕೇ ನೋಟ್‌ಬುಕ್‌ನಲ್ಲಿ ನಿದ್ದೆ ಬಗ್ಗೆ ಒಂದು ಸಾಲೂ ಇಲ್ಲ.

ಹಳೇಸೈಕಲ್ · ಸೋಮವಾರ, ಮಧ್ಯಾಹ್ನ 2.15

ಅದೇ ವ್ಯತ್ಯಾಸ ಮೇಡಂ. ಚಿಂತೆಯಲ್ಲಿ ನಿದ್ದೆ ಬಾರದವರು ಮರುದಿನ ಸೋತು ಸುಣ್ಣವಾಗಿರುತ್ತಾರೆ. ಏರುತ್ತಿರುವವರಿಗೆ ಕಮ್ಮಿ ನಿದ್ದೆಯೇ ಸಾಕಾಗುತ್ತೆ. ನೀವೇ ತುಂಬಬಹುದಾದ ಆಲ್ಟ್‌ಮನ್ ಸ್ಕೇಲ್ ಅಂತ ಇದೆ, 1997ರದ್ದು. ಐದೇ ಪ್ರಶ್ನೆ, ಹಿಂದಿನ ವಾರದ್ದು: ಉಲ್ಲಾಸ, ತನ್ನ ಮೇಲಿನ ನಂಬಿಕೆ, ನಿದ್ದೆ ಎಷ್ಟು ಬೇಕೆನಿಸಿತು, ಮಾತು, ಓಡಾಟ. ತಲಾ 4. ಒಟ್ಟು 6 ಅಥವಾ ಜಾಸ್ತಿ ಬಂದರೆ ಡಾಕ್ಟರಿಗೆ ತಿಳಿಸಿ ಅಂತ ನಾವು ಹೇಳುತ್ತಿದ್ದೆವು. ಅದರಲ್ಲಿ ಕೇಳುವುದು "ನಿದ್ದೆ ಬಂತಾ" ಅಂತಲ್ಲ, "ಮಾಮೂಲಿಗಿಂತ ಕಮ್ಮಿ ನಿದ್ದೆ ಸಾಕೆನಿಸಿತಾ" ಅಂತ.

ಮಾಮೂಲಿಗಿಂತ ಅನ್ನೋದು ಮುಖ್ಯ. ಕೆಲವರು ಹುಟ್ಟಾ ಮಾತುಗಾರರು. ಅವರು ಮಾತಾಡಿದರೆ ಕಾಯಿಲೆಯಲ್ಲ, ಸುಮ್ಮನಾದರೆ ನೋಡಬೇಕು.

ಎಕ್ಸೆಲ್‌ಮಾವ · ಸೋಮವಾರ, ಸಂಜೆ 7.30

ಬೆಂಗಳೂರು, ಸಾಫ್ಟ್‌ವೇರ್, ಬೈಪೋಲಾರ್ ಎರಡನೇ ಬಗೆ. ಇದೆಲ್ಲ ಮನುಷ್ಯರ ಕೈಯಲ್ಲಿ ಯಾಕೆ? ಫೋನೇ ಅಳೆಯಬಹುದಲ್ವಾ? ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದವರು ಬೈಅಫೆಕ್ಟ್ ಅಂತ ಆ್ಯಪ್ ಮಾಡಿದ್ದಾರೆ. ನೀವು ಏನು ಟೈಪ್ ಮಾಡಿದಿರಿ ಅಂತ ನೋಡಲ್ಲ, ಹೇಗೆ ಮಾಡಿದಿರಿ ಅಂತ ನೋಡುತ್ತೆ. ಎಷ್ಟು ಬೇಗ ಒತ್ತಿದಿರಿ, ಎಷ್ಟು ಸಲ ಅಳಿಸಿದಿರಿ, ಹೀಗೆ. ಮಿಶಿಗನ್ ವಿಶ್ವವಿದ್ಯಾಲಯದವರು ಫೋನಿನಲ್ಲಿ ಮಾತಾಡೋ ದನಿಯಿಂದ ಕಂಡುಹಿಡಿಯಲು ನೋಡಿದರು, ಪ್ರಯೋರಿ ಅಂತ ಅದರ ಹೆಸರು. ಬಾಗಿಲ ಸಂದಿಯ ಅಮ್ಮ ಬೇಕಾಗಲ್ಲ.

ನಾನಂತೂ ವಾಚ್‌ನ ನಿದ್ದೆ, ಹೆಜ್ಜೆ, ಹೃದಯದ ಬಡಿತ, ಯುಪಿಐ ಖರ್ಚು ಎಲ್ಲ ಎಕ್ಸೆಲ್‌ಗೆ ಇಳಿಸಿ 14 ಕಾಲಂ ಮಾಡಿದ್ದೇನೆ. ಬಣ್ಣ ತಾನೇ ಬದಲಾಗುತ್ತೆ.

ಕಟ್ಟೆಪುರಾಣ · ಸೋಮವಾರ, ಸಂಜೆ 7.41

ಆ 14 ಕಾಲಂ ಶೀಟನ್ನು ಎಷ್ಟು ಗಂಟೆ ರಾತ್ರಿಯಲ್ಲಿ ಕೂತು ಮಾಡಿದಿರಿ ಸ್ವಾಮಿ?

ಎಕ್ಸೆಲ್‌ಮಾವ · ಸೋಮವಾರ, ಸಂಜೆ 7.44

...ಎರಡು ಗಂಟೆ. ಸರಿ, ಗೆದ್ದಿರಿ.

ಧಾರವಾಡಮಳೆ · ಸೋಮವಾರ, ರಾತ್ರಿ 8.30

ಹಹ್ಹಾ. ನಾನೂ ಆ್ಯಪ್ ಹಾಕಿಕೊಂಡಿದ್ದೆ. ಕುಗ್ಗಿದ್ದಾಗ ದಿನಾ ಸಂಜೆ ಅದು ಟಿಂಗ್ ಅಂದು ಅಳುಮುಖ ಒತ್ತು ಅನ್ನುತ್ತಿತ್ತು. ಇಪ್ಪತ್ತು ದಿನ ಸಾಲಾಗಿ ಅಳುಮುಖ ನೋಡಿದ ಮೇಲೆ ಇನ್ನಷ್ಟು ಕುಗ್ಗಿದೆ. ತೆಗೆದುಹಾಕಿದೆ.

ಹಳೇಸೈಕಲ್ · ಸೋಮವಾರ, ರಾತ್ರಿ 9.10

ನಿಮ್ಮೊಬ್ಬರ ಅನುಭವ ಅಲ್ಲ ಅದು. ಡೆನ್ಮಾರ್ಕ್‌ನಲ್ಲಿ ಮೊನಾರ್ಕಾ ಅಂತ ಒಂದು ಪ್ರಯೋಗ ಮಾಡಿದರು. 78 ಜನ, ಆರು ತಿಂಗಳು. ಅರ್ಧ ಜನಕ್ಕೆ ಫೋನಿನಲ್ಲಿ ದಿನಾ ಮೂಡ್ ಬರೆಯುವ ವ್ಯವಸ್ಥೆ, ಉಳಿದವರಿಗೆ ಇಲ್ಲ. 2015ರಲ್ಲಿ ಫಲಿತಾಂಶ ಬಂತು. ಬರೆದವರಿಗೆ ಒಟ್ಟಾರೆ ಏನೂ ಹೆಚ್ಚಿನ ಲಾಭ ಕಾಣಲಿಲ್ಲ. ಕುಗ್ಗಿದ ಲಕ್ಷಣ ಕೆಲವರಲ್ಲಿ ಜಾಸ್ತಿ ಹೊತ್ತು ಉಳಿದ ಸೂಚನೆಯೂ ಸಿಕ್ಕಿತು. ಹಾಗಂತ ಬರೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ದಿನಾ ಗಾಯ ಕೆದಕಿ ನೋಡಿದರೆ ಬೇಗ ಮಾಯುತ್ತೆ ಅಂತ ಅಂದುಕೊಳ್ಳಬೇಡಿ ಅಷ್ಟೆ. ಆಕ್ಸ್‌ಫರ್ಡ್‌ನವರ ಟ್ರೂ ಕಲರ್ಸ್ ಅನ್ನೋ ವ್ಯವಸ್ಥೆಯಲ್ಲಿ ಪ್ರಶ್ನೆ ಬರೋದು ವಾರಕ್ಕೊಮ್ಮೆ. ಗುಬ್ಬಿಗೂಡು ಅವರ ಭಾನುವಾರದ ತಿಂಡಿಯ ಹಾಗೆ.

ಹೊಸಬ_22 · ಸೋಮವಾರ, ರಾತ್ರಿ 10.02

ಸರ್ ಒಂದು ಡೌಟು. ನಾನು ಆನ್‌ಲೈನ್‌ನಲ್ಲಿ ಮೂಡ್ ಡಿಸಾರ್ಡರ್ ಪ್ರಶ್ನಾವಳಿ ತುಂಬಿದೆ. 13ರಲ್ಲಿ 8 ಬಂತು. ನಂದು 60% ಬೈಪೋಲಾರ್ ಅಂತನಾ? ಭಯ ಆಗ್ತಿದೆ.

ಹಳೇಸೈಕಲ್ · ಸೋಮವಾರ, ರಾತ್ರಿ 10.15

ತಮ್ಮಾ, ಭಯ ಬೇಡ. ಅದು ಅಳತೆ ಅಲ್ಲ, ಜರಡಿ. ಹುಟ್ಟಿದಾಗಿನಿಂದ *ಎಂದಾದರೂ* ಹೀಗಾಗಿತ್ತಾ ಅಂತ ಕೇಳುತ್ತೆ. 7 ಅಥವಾ ಜಾಸ್ತಿ ಬರಬೇಕು, ಅವೆಲ್ಲ ಒಂದೇ ಹೊತ್ತಿನಲ್ಲಿ ಆಗಿರಬೇಕು, ಅದರಿಂದ ಸಾಕಷ್ಟು ತೊಂದರೆಯೂ ಆಗಿರಬೇಕು. ಆಗಲೂ ಅದರ ಅರ್ಥ "ಡಾಕ್ಟರನ್ನು ನೋಡು" ಅಂತ ಮಾತ್ರ. ಕಾಯಿಲೆ ಇದೆಯಾ ಅಂತ ಕೇಳೋದು ಬೇರೆ, ಇರುವ ಕಾಯಿಲೆ ಈ ವಾರ ಎಷ್ಟು ಏರಿದೆ ಅಂತ ಕೇಳೋದು ಬೇರೆ. ಶೇಕಡಾವಾರು ಬೈಪೋಲಾರ್ ಅಂತ ಇಲ್ಲ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗು.

ಜಗಲಿಯ ನಿರ್ವಾಹಕಿ · ಸೋಮವಾರ, ರಾತ್ರಿ 10.30

ಎರಡು ಮಾತು. ಮಾತ್ರೆಯ ಮಿಲಿಗ್ರಾಂ ಇಲ್ಲಿ ಹಾಕಬೇಡಿ, ಒಬ್ಬರದ್ದು ಇನ್ನೊಬ್ಬರಿಗೆ ಆಗಲ್ಲ. ಹಾಗೇ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ, ಅಂದರೆ ಸಾಯುವ ಯೋಚನೆಯದ್ದು, ಅದಕ್ಕೆ ಯಾರಾದರೂ "ಹೌದು" ಅಂತ ಗುರುತು ಹಾಕುತ್ತಿದ್ದರೆ ಒಟ್ಟು ಮಾರ್ಕ್ಸ್ ಕೂಡಿಸುತ್ತಾ ಕೂರಬೇಡಿ. ಅವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಕಟ್ಟೆಪುರಾಣ · ಮಂಗಳವಾರ, ಬೆಳಗ್ಗೆ 8.05

ಒಪ್ಪಿದೆ, ಅಳೆಯಬಹುದು ಅಂತಲೇ ಇಟ್ಟುಕೊಳ್ಳೋಣ. ಆದರೆ ಇಲ್ಲಿ ಕೂತು 11 ಅಂಶ, 60 ಮಾರ್ಕ್ಸ್ ಅಂತ ಹೇಳೋದು ಸುಲಭ. ಹೊರಗೆ ಕ್ಯೂ ನೋಡಿದ್ದೀರಾ? ನಮ್ಮ ಮನೆಯವರ ಜೊತೆ ಹೋದಾಗ ಟೋಕನ್ 74. ಒಳಗೆ ಹೋಗಿ ಬರೋಕೆ ನಾಲ್ಕು ನಿಮಿಷ. "ನಿದ್ದೆ ಹೇಗಿದೆ, ಊಟ ಹೇಗಿದೆ, ಅದೇ ಮಾತ್ರೆ ಮುಂದುವರಿಸಿ." ಯಂಗೂ ಇಲ್ಲ ಓಲ್ಡೂ ಇಲ್ಲ.

ಹಳೇಸೈಕಲ್ · ಮಂಗಳವಾರ, ಬೆಳಗ್ಗೆ 9.30

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮೇಜಿನ ಆ ಕಡೆ ಕೂತು ನಾನೂ ಎಷ್ಟೋ ಜನರನ್ನು ನಾಲ್ಕು ನಿಮಿಷದಲ್ಲಿ ಕಳಿಸಿದ್ದೇನೆ. ಯಂಗ್ ಸ್ಕೇಲ್ ಸರಿಯಾಗಿ ಮಾಡಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ಸಂಶೋಧನೆಯಲ್ಲಿ ಆಗುತ್ತೆ, ತುಂಬಿದ ಓಪಿಡಿಯಲ್ಲಿ ಆಗಲ್ಲ.

ಅದಕ್ಕೇ ಮನೆಯಿಂದ ತರುವ ಒಂದು ಹಾಳೆಗೆ ಬೆಲೆ. ಮೂರು ತಿಂಗಳ ಏರಿಳಿತ ಒಂದೇ ನೋಟಕ್ಕೆ ಕಾಣಬೇಕು. ಇದು ಹೊಸ ಉಪಾಯವೂ ಅಲ್ಲ. ನೂರು ವರ್ಷದ ಹಿಂದೆಯೇ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತನ್ನ ರೋಗಿಗಳ ವರ್ಷಗಟ್ಟಲೆಯ ಏರಿಳಿತವನ್ನು ತಿಂಗಳು ತಿಂಗಳಾಗಿ ಚಿತ್ರ ಬರೆದಿಟ್ಟಿದ್ದ. ಆಮೇಲೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಅದನ್ನೇ ಲೈಫ್ ಚಾರ್ಟ್ ಅಂತ ಬೆಳೆಸಿದರು. ನಡುವೆ ಒಂದು ಗೆರೆ, ಮೇಲೆ ಏರಿದ್ದು, ಕೆಳಗೆ ಇಳಿದದ್ದು, ಜೊತೆಗೆ ನಿದ್ದೆಯ ಗಂಟೆ, ಔಷಧಿ, ಮನೆಯಲ್ಲಿ ನಡೆದ ಘಟನೆ. ಎಷ್ಟು ಏರಿತು ಅನ್ನೋದನ್ನು ಅಲ್ಲಿ "ಹೇಗನಿಸಿತು" ಅಂತ ಕೇಳಿ ಬರೆಯಲ್ಲ. ಕೆಲಸಕ್ಕೆ, ಮನೆಗೆ ಎಷ್ಟು ಅಡ್ಡಿ ಆಯಿತು ಅಂತ ನೋಡಿ ಬರೆಯುತ್ತಾರೆ. ಧಾರವಾಡಮಳೆಯ ಲೋಟ ನೆನಪಾಗಲ್ವಾ?

ಏರೋದಕ್ಕೇ ಎಲ್ಲರೂ ಹೆದರುತ್ತಾರೆ, ಗದ್ದಲ ಕಾಣುತ್ತೆ ಅಂತ. ಆದರೆ ಅಮೆರಿಕದಲ್ಲಿ ಮೊದಲನೇ ಬಗೆಯವರನ್ನು ಸುಮಾರು 13 ವರ್ಷ ವಾರ ವಾರವೂ ಲೆಕ್ಕ ಹಾಕಿದ ಅಧ್ಯಯನ 2002ರಲ್ಲಿ ಬಂತು. ಹೆಚ್ಚು ಕಮ್ಮಿ ಅರ್ಧದಷ್ಟು ವಾರ ಏನಾದರೊಂದು ಲಕ್ಷಣ ಇತ್ತು. ಕುಗ್ಗಿದ ವಾರಗಳು ಸುಮಾರು 32%, ಏರಿದ ವಾರಗಳು 9% ಅಷ್ಟೆ. ಸದ್ದಿಲ್ಲದ ವಾರಗಳೇ ಜಾಸ್ತಿ. ಅಂಥ ವಾರಗಳನ್ನು ಯಾರೂ ಬರೆದಿಡಲ್ಲ.

ಧಾರವಾಡಮಳೆ · ಮಂಗಳವಾರ, ಮಧ್ಯಾಹ್ನ 12.20

ಗೆರೆ ನಡುವೆ ಇರಲಿ ಅಂತ ನೀವು ಹೇಳಿದಿರಿ ಸರ್, ಒಪ್ಪುತ್ತೇನೆ. ಆದರೆ ಎರಡೂ ಒಟ್ಟಿಗೆ ಬಂದರೆ? ಹೋದ ಮಳೆಗಾಲದಲ್ಲಿ ಹದಿನೈದು ದಿನ ನನಗೆ ಹಾಗಾಯಿತು. ತಲೆ ಓಡುತ್ತಿತ್ತು, ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಆದರೆ ಓಡೋ ತಲೆಯ ತುಂಬ ಕರೀ ಯೋಚನೆ. ಮೇಲಕ್ಕೆ 3 ಬರೆಯಲಾ, ಕೆಳಕ್ಕೆ 4 ಬರೆಯಲಾ? ಕೂಡಿ ಕಳೆದು ನಾನು ಕೆಳಕ್ಕೆ 1 ಅಂತ ಬರೆದೆ. ಡಾಕ್ಟರ್ ಆ 1 ನೋಡಿ ಆರಾಮ ಇದ್ದೀ ಅಂದುಕೊಂಡರು. ನನ್ನ ಬದುಕಿನ ಕೆಟ್ಟ ಹದಿನೈದು ದಿನ ಅವು.

ಹಳೇಸೈಕಲ್ · ಮಂಗಳವಾರ, ಮಧ್ಯಾಹ್ನ 12.50

ಇದನ್ನು ನಾನೇ ಮೊದಲು ಹೇಳಬೇಕಿತ್ತು. ಕೂಡಿ ಕಳೆಯಬಾರದು. ಎರಡು ಬೇರೆ ಬೇರೆ ಸಾಲು ಬೇಕು, ಏರಿದ್ದಕ್ಕೆ ಒಂದು, ಇಳಿದದ್ದಕ್ಕೆ ಒಂದು. ಎರಡೂ ಒಂದೇ ದಿನ ತುಂಬಿದ್ದರೆ ಅದನ್ನು ಮಿಶ್ರ ಸ್ಥಿತಿ ಅನ್ನುತ್ತಾರೆ, ತಡ ಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಕುಗ್ಗಿದ ಮನಸ್ಸಿಗೆ ಓಡುವ ಕಾಲು ಸಿಕ್ಕರೆ ಅಪಾಯ ಜಾಸ್ತಿ.

ಗುಬ್ಬಿಗೂಡು · ಮಂಗಳವಾರ, ರಾತ್ರಿ 9.15

ಧಾರವಾಡಮಳೆ ಅಕ್ಕ, ಈಗ ಹೇಗಿದ್ದೀರಿ?

ಸಂಜೆಮಲ್ಲಿಗೆ ಅಕ್ಕನಿಗೆ ಒಂದು ಸಲಹೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ನೀವು ಹುಷಾರಾಗಿದ್ದಾಗಲೇ ಮುಂದೆ ಹೀಗಾದರೆ ನನಗೆ ಹೀಗೆ ಮಾಡಿ, ಹೀಗೆ ಮಾಡಬೇಡಿ ಅಂತ ಬರೆದಿಡಬಹುದು. ನಿಮ್ಮ ಪರವಾಗಿ ಮಾತಾಡೋರು ಯಾರು ಅಂತಲೂ ಹೆಸರಿಸಬಹುದು. ನಾವು ಅದನ್ನು ಮಾಡಿದ್ದೇವೆ. ಅವಳು ನನ್ನ ಹೆಸರು ಬರೆಯಲಿಲ್ಲ, ಅಕ್ಕನ ಹೆಸರು ಬರೆದಳು. ಒಂದು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅರ್ಥವಾಯಿತು.

ಧಾರವಾಡಮಳೆ · ಮಂಗಳವಾರ, ರಾತ್ರಿ 9.40

ಆರಾಮ ಇದ್ದೇನೆ ಅಣ್ಣ. ಇವತ್ತು ಲೋಟ ಸೊನ್ನೆ.

ಸಂಜೆಮಲ್ಲಿಗೆ · ಭಾನುವಾರ, ರಾತ್ರಿ 10.05

ಒಂದು ವಾರ ಆಯಿತು, ಆಮೇಲೆ ಏನಾಯಿತು ಅಂತ ಬರೆಯುತ್ತೇನೆ.

ಇವತ್ತು ಬೆಳಗ್ಗೆ ಅಮ್ಮನ ಜೊತೆ ಕೂತೆ. ಸಿಟ್ಟು ಇದೆ ಅಂತ ನೇರವಾಗಿಯೇ ಹೇಳಿದೆ. ಅವಳು ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು, "ನಾನೇನು ಬಾಗಿಲ ಸಂದಿಯಲ್ಲಿ ನೋಡಿಲ್ಲ. ನಿನ್ನ ರೂಮಿನ ಬೆಳಕು ಎದುರು ಮನೆ ಗೋಡೆ ಮೇಲೆ ಬೀಳುತ್ತೆ. ನಂಗೂ ನಿದ್ದೆ ಬರಲ್ಲ." ಏಳು ವರ್ಷದಿಂದ ಇವಳೂ ಮಲಗಿಲ್ಲ ಅಂತ ನನ್ನ ಯಾವ ಪುಸ್ತಕದಲ್ಲೂ ಇಲ್ಲ.

ಮಾತಾಡಿಕೊಂಡದ್ದು ಇಷ್ಟು. ಕ್ಯಾಲೆಂಡರ್ ಗೋಡೆಗೆ ವಾಪಸ್. ಪೆನ್ಸಿಲ್ ಬೇಡ, ಪೆನ್. ಗುಟ್ಟಿಲ್ಲ. ಹಾಲಿನ ಗೀಟಿನ ಕೆಳಗೆ ಅವಳು ಲೈಟ್ ಆರಿದ ಹೊತ್ತು ಬರೆಯುತ್ತಾಳೆ. ನಾನು ಅದರ ಪಕ್ಕ ಎರಡು ಅಂಕಿ ಹಾಕುತ್ತೇನೆ, ಏರಿದ್ದು ಒಂದು, ಇಳಿದದ್ದು ಒಂದು. ಮೂರು ರಾತ್ರಿ ಸಾಲಾಗಿ 12 ದಾಟಿದರೆ ಡಾಕ್ಟರಿಗೆ ಫೋನ್ ಮಾಡುವುದು ಅವಳ ಹಕ್ಕು, ನಾನು ವಾದ ಮಾಡುವಂತಿಲ್ಲ. ಎರಡು ಸಾವಿರದ ಮೇಲಿನ ಖರ್ಚಿಗೆ ಒಂದು ರಾತ್ರಿ ಕಾಯಬೇಕು. ಉಳಿದ ಹೊತ್ತಿನಲ್ಲಿ ನಾನು ನಕ್ಕರೆ ಅದು ಬರೀ ನಗು.

ಹೂಕುಂಡ 38ರಲ್ಲಿ 30 ವಾಪಸ್ ಕೊಟ್ಟೆ. ಎಂಟು ಇಟ್ಟುಕೊಂಡಿದ್ದೇನೆ. ಬಕೆಟ್‌ನಲ್ಲಿ ನೀರು ಹೊತ್ತು ಹಾಕುತ್ತೇನೆ.

ಈಗ ಅಡುಗೆಮನೆಗೆ ನೀರು ಕುಡಿಯಲು ಹೋಗಿದ್ದೆ. ನಿನ್ನೆಯ ಚೌಕದಲ್ಲಿ ಅಮ್ಮ 10.40 ಅಂತ ಬರೆದಿದ್ದಾಳೆ. ಲೈಟ್ ಆರಿಸಿದ್ದು 10.40ಕ್ಕೇ. ಆದರೆ ನಾನು ಕತ್ತಲಲ್ಲಿ ಫೋನ್ ನೋಡುತ್ತಾ 11.30ರವರೆಗೂ ಎಚ್ಚರ ಇದ್ದೆ. ಪೆನ್ ತಗೊಂಡು ಅದನ್ನು ಹೊಡೆದು 11.30 ಅಂತ ತಿದ್ದಿ ಬಂದೆ.

ಕಟ್ಟೆಪುರಾಣ · ಭಾನುವಾರ, ರಾತ್ರಿ 10.20

ಹಾಲಿನ ಲೆಕ್ಕದ ಮೇಲೆ ಗೀಚಿಲ್ಲ ತಾನೇ? ತಿಂಗಳ ಕೊನೆಗೆ ಹಾಲಿನವನ ಹತ್ತಿರ ಜಗಳ ಆಗುತ್ತೆ ನೋಡಿ.